ಖಂಡೇಪೂಜೆಯಂದು ಕಾರು ಕೊಯ್ಯಲು ಬಂದರು

ಆಯುಧಪೂಜೆಯ ಹೋಳಿಗೆಗೆ ಬೇಳೆ ಕುದಿಸಿ ಕಟ್ಟು ಬಸಿಯುತ್ತಿದ್ದೆ. ಖಾನಾಪುರದಿಂದ ಭಾವನ, ಅಂದರೆ ಯಜಮಾನರ ಅಣ್ಣನ, ಹೆಂಡತಿಯ ಫೋನು ಬಂತು. "ಮಾವಾರ ಕಾರ್ ಕೊಯ್ಯಾಕ ಮಂದಿ ಬರಾಕತ್ತಾರ. ಶೆಡ್ ಖಾಲಿ ಆಗ್ಲಿ ಅಂತ ಗೋವಾ ರಸ್ತೇದ ಧಾಬಾದವಗ ಕೊಟ್ಟಬಿಟ್ಟಾರ ನಮ್ಮವರು" ಎಂದಳು. ಕಟ್ಟು ಬಸಿಯುವುದನ್ನು ಅಲ್ಲಿಗೇ ಬಿಟ್ಟೆ.

ಮಾವನವರು ಗೋವೆಯಲ್ಲಿ ಗಣಿ ಮಾಲಕರೊಬ್ಬರ ಡ್ರೈವರ್ ಆಗಿದ್ದರು. ಮಾಲಕರು ಹಡಗಿನಲ್ಲಿ ತರಿಸಿದ್ದ ಅಮೆರಿಕದ ಕಾರು ಅದು. ಎರಡೇ ಬಾಗಿಲು, ಎಡಗಡೆ ಸ್ಟೇರಿಂಗ್, ಅರ್ಧಕ್ಕರ್ಧ ಬರೀ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್. ಕೆಲಸ ಬಿಡುವಾಗ ಅದನ್ನೇ ಇವರಿಗೆ ಕೊಟ್ಟರಂತೆ. ಮಾವ ಜಾಂಬೋಟಿ ರಸ್ತೆ ಹಾಯ್ದು ತಂದು ಖಾನಾಪುರದ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಅವರಿರುವವರೆಗೆ ಸೋಮವಾರ ಪೂಜೆ ಮುಗಿಸಿ ಅದನ್ನೊಮ್ಮೆ ಚಾಲು ಮಾಡುತ್ತಿದ್ದರು. ಆ ಸದ್ದಿಗೆ ನಾಗೊಂದಿಗೆಯ ಮೇಲಿನ ಡಬ್ಬಿಗಳೆಲ್ಲ ಗುನುಗುಟ್ಟುತ್ತಿದ್ದವು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ನಡುಕ ಮೊಣಕೈವರೆಗೆ ಬರುತ್ತಿತ್ತು. ನನಗೆ ಕಾರು ತಿಳಿಯುವುದಿಲ್ಲ. ಆದರೆ ಓಣಿಯ ಮಂದಿ ರೊಟ್ಟಿ ಬಿಟ್ಟು ಓಡಿಬರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

"ಸಾವಕಾರ ಮಂದಿ ಶೋಕಿ" ಎನ್ನುವವರ ಮೇಲೆ ನನಗೆ ಸಿಟ್ಟು. ನನ್ನ ಯಜಮಾನರು ಇಲ್ಲೇ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ ಕೆತ್ತುತ್ತಾರೆ. ಅವರು ಹೇಳುವುದೇ ಬೇರೆ: "ಅಮೆರಿಕಾದಾಗ ಇದು ದುಡಿಯೂ ಹುಡುಗರ ಗಾಡಿ. ನನ್ನಂಥ ಫೌಂಡ್ರಿ ಆಳು ಸುದ್ದಾ ತಗೊಳ್ಳಾಕ ಬರ್ತಿತ್ತು. ಸಾದಾ ಗಾಡಿ, ಹೊಟ್ಟಿಯಾಗ ಆನಿ ಎಂಜಿನ್." ಈಗಿನ ಕಾರಿನ ಬಾನೆಟ್ ತೆರೆದರೆ ಕರಿ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣದು. ಇದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹೊಗೆ ಹೋಗುವ ಬೀಡುಕಬ್ಬಿಣದ ಕೊಳವೆ ಸೀಳಿ ಕಾರು ಚಾಲು ಮಾಡುವುದು ನಿಂತುಹೋದಾಗ, ಯಜಮಾನರು ಸಾಗವಾನಿಯಲ್ಲಿ ಅದರ ಮಾದರಿ ಕೆತ್ತಲು ಕೂತರು. ದಸರೆ ಮುಗಿದ ಮೇಲೆ ಎರಕ ಹೊಯ್ಯುವುದಿತ್ತು. ಆ ಮಾದರಿ ಅವತ್ತು ಬೆಳಿಗ್ಗೆ ನಮ್ಮ ದೇವರ ಜಗಲಿಯ ಮೇಲೆ ಉಳಿ, ಅರಗಳ ಜೊತೆ ಪೂಜೆ ಮಾಡಿಸಿಕೊಂಡು ಕೂತಿತ್ತು.

ಇಷ್ಟು ಮಾಡಿದವರು ಸುದ್ದಿ ಕೇಳಿ ಏನಂದರು? "ಅಣ್ಣ ಮಾಡ್ಯಾನ. ನಾ ಏನ ಅನ್ನಲಿ?"

"ನೀವು ಏನೂ ಅನಬ್ಯಾಡ್ರಿ. ನನ್ನ ಕೂಡ ಬರ್ರಿ ಸಾಕು" ಎಂದೆ.

ಬೈಕಿಗೆ ಆಗಲೇ ವಿಭೂತಿ ಹಚ್ಚಿಯಾಗಿತ್ತು. ಪೂಜೆಯಾದ ಹತಾರ, ಗಾಡಿಗಳನ್ನು ಮರುದಿನ ಬನ್ನಿ ಕೊಡುವವರೆಗೆ ಕೆಲಸಕ್ಕೆ ಹಚ್ಚುವುದಿಲ್ಲ, ಅದು ನಮ್ಮ ಎರಡೂ ಮನೆಗಳ ಪದ್ಧತಿ. ಅದಕ್ಕೆ ಬಸ್ಸಿಗೆ ಹೋದೆವು. ಹಬ್ಬದ ದಿನವೂ ಕೂಡಲು ಜಾಗ ಸಿಕ್ಕಿತು, ಶಿವನ ದಯೆ.

ಹೋಗಿ ನೋಡಿದರೆ ಶೆಡ್ಡಿನ ಬಾಗಿಲು ತೆರೆದಿತ್ತು. ಗ್ಯಾಸ್ ಕಟರಿನವನು ನಳಿಗೆ ಬಿಚ್ಚುತ್ತಿದ್ದ. ಧಾಬಾದವನು ಅತ್ತಿಗೆಯೆಂದು ಕರೆದು ನಗುನಗುತ್ತಲೇ ಮಾತಾಡಿಸಿದ.

"ವೈನೀ, ನಮಗ ಮುಂದಿನ ಅರ್ಧ ಸಾಕ್ರಿ. ಗಲ್ಲಾದ ಟೇಬಲ್ ಮಾಡ್ತೀವಿ. ಲೈಟ್ ಹಚ್ಚಿದ್ರ ಮಂದಿ ಸಾಲಾಗಿ ನಿಂತು ಫೋಟೋ ತಗೀತಾರ."

"ಹಿಂದಿನ ಅರ್ಧ?"

"ಗುಜರೀಗಿ."

"ಮತ್ತ ಎಂಜಿನ್ನು?"

"ಅದೂ ಗುಜರೀಗೇರಿ. ಟೇಬಲ್ಲಿಗಿ ಎಂಜಿನ್ ಯಾಕ ಬೇಕ್ರಿ?"

ನನ್ನ ಮೈ ಉರಿಯಿತು. ಮಂದಿ ಮರುಳಾಗಿದ್ದೇ ಆ ಎಂಜಿನ್ನಿಗೆ. ಅದನ್ನು ಕಿತ್ತೊಗೆದು ಮೋರೆಗೆ ಲೈಟು ಹಚ್ಚಿದರೆ, ಹೆಣಕ್ಕೆ ಪೌಡರ್ ಹಚ್ಚಿದಂತಲ್ಲವೇ? ಬಾಗಿಲಲ್ಲಿ ನಿಂತಿದ್ದ ಭಾವನನ್ನು ಬೈಯಲೆಂದು ತಿರುಗಿದೆ. ಆಗ ಕಾರಿನ ಮೇಲೆ ಕಣ್ಣು ಬಿತ್ತು. ಬಾನೆಟ್ಟಿಗೆ ಮೂರೆಳೆ ವಿಭೂತಿ, ಚಂಡು ಹೂವಿನ ಮಾಲೆ, ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು.

"ಇದಕ್ಕ ಪೂಜಿ ಯಾರ ಮಾಡಿದ್ರಿ?"

 ಹಿತ್ತಲ ಬಾಗಿಲಿನಿಂದ ಭಾವನ ಹೆಂಡತಿ ಅಂದಳು, "ಇವರ ಮಾಡಿದ್ರು. ಟ್ರ್ಯಾಕ್ಟರಿಗಿ, ಕುಡಗೋಲಿಗಿ ಮಾಡೂಮುಂದ ಇದಕ್ಕೂ ಮಾಡಿದ್ರು."

"ಮುಂಜಾನಿ ಹೂ ಏರಿಸಿ ಮಧ್ಯಾಹ್ನ ಕೊಯ್ಸೂದು ಯಾವ ಊರ ಪದ್ಧತಿರೀ ಭಾವಾರ?" ಎಂದೆ. "ಟ್ರ್ಯಾಕ್ಟರ್ ಇವತ್ತ ಹೊಲಕ್ಕ ಒಯ್ಯಂಗಿಲ್ಲ ನೀವು. ಕುಡಗೋಲ ಮುಟ್ಟಂಗಿಲ್ಲ. ಇದರ ಕುತಗಿ ಕೊಯ್ಯಾಕ ಮಾತ್ರ ನಡೀತದ?"

ಕಟರಿನವನು ಎದ್ದು ನಿಂತ. ಅವನು ಅದನ್ನೆಲ್ಲ ಆಗಲೇ ನೋಡಿ ಸುಮ್ಮನಿದ್ದನೆಂದು ಕಾಣುತ್ತದೆ. "ಸೂಟಿ ದಿನ ಐತಿ ಬಾ ಅಂದ್ರು, ಬಂದೇರಿ. ಖರೇ ಹೇಳ್ತೀನಿ, ಹೂ ಹಾಕಿದ ಗಾಡಿಗಿ ನಾ ಬೆಂಕಿ ಹಿಡಿಯಂಗಿಲ್ಲ" ಎಂದು ನಳಿಗೆ ಸುತ್ತತೊಡಗಿದ.

"ನಾಳಿ ಬರೂಣು ಬಿಡು" ಎಂದ ಧಾಬಾದವನು. ಅವನಿಗೆ ಇದು ಒಂದು ದಿನದ ಅಡ್ಡಿ, ಅಷ್ಟೇ.

ನಾನು ಭಾವನನ್ನು ಬಿಡಲಿಲ್ಲ. "ಕೊಟ್ಟ ಮ್ಯಾಲ ಪೂಜಿ ಯಾಕ ಮಾಡಿದ್ರಿ, ಅದನ್ನರ ಹೇಳ್ರಿ."

"ಕೈ ತಾನ ಹೋತವಾ" ಎಂದರು ಭಾವ. "ಅಪ್ಪ ಮೊದಲ ಇದಕ್ಕ ಮಾಡ್ತಿದ್ದ, ಆಮ್ಯಾಲ ಉಳಿದವಕ್ಕ. ಅದ ರೂಢಿ." ಹಾಗೆನ್ನುತ್ತ ಹೆಗಲ ವಸ್ತ್ರದಿಂದ ಬಾನೆಟ್ಟಿನ ಧೂಳು ಒರೆಸಿದರು. ಆ ಧೂಳನ್ನು ಒಂದು ವಾರ ಮೊದಲು ಒರೆಸಿದ್ದರೆ ಹಬ್ಬದ ದಿನ ನನಗೆ ಈ ಅಲೆದಾಟ ಇರುತ್ತಿರಲಿಲ್ಲ.

ಆಗ ನಮ್ಮವರಿಗೆ ಬಾಯಿ ಬಂತು. "ಅಣ್ಣಾ, ಶೆಡ್ ಖಾಲಿ ಬೇಕಾದ್ರ ನನಗ ಹೇಳಬೇಕಿತ್ತು. ನಾ ಬೆಳಗಾವಿಗಿ ಒಯ್ತೀನಿ."

ಭಾವ ಧಾಬಾದವನ ಕಡೆ ತಿರುಗಿದರು. "ನಾಳಿನೂ ಬರಬ್ಯಾಡ್ರಿ. ಕಾರ್ ಕೊಡಂಗಿಲ್ಲ." ಅವನು ಮಾತಿಗೆ ತಪ್ಪಿದವರೆಂದು ಗೊಣಗುತ್ತ ಹೋದ. ಗೊಣಗಲಿ.

ಬನ್ನಿ ಕೊಟ್ಟಾದ ಮೇಲೆ ಟ್ರಕ್ಕಿನಲ್ಲಿ ಹೇರಿ ತರುವುದೆಂದು ಠರಾಯಿತು. ಅದು ಬಂದರೆ ನಮ್ಮ ಅಂಗಳದಲ್ಲಿ ನಾನು ಅರಿವೆ ಒಣಹಾಕುವ ಜಾಗ ಹೋಗುತ್ತದೆ. ಇದನ್ನು ಯಾರೂ ನನಗೆ ಕೇಳಲಿಲ್ಲ, ಅದೂ ಬರೆದಿಡುತ್ತೇನೆ. ಆದರೂ ಕಾರು ಇಡಿಯಾಗಿ ಉಳಿಯಿತಲ್ಲ, ಮುಂದೆ ಎಂಜಿನ್, ಹಿಂದೆ ಬಾಲ. ಅಷ್ಟಕ್ಕೆ ಕೈ ಮುಗಿದೆ.

ವಾಪಸು ಬರುವಾಗ ಬಸ್ಸಿನುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಯಜಮಾನರು ಏನೋ ಹೇಳಲು ಬಂದರು, ಕಿಟಕಿ ಕಡೆ ನೋಡಿದೆ. ಮನೆಗೆ ಬಂದು ನೋಡಿದರೆ, ಎಣ್ಣೆಯಲ್ಲಿ ನೆನೆಯಲು ಇಟ್ಟಿದ್ದ ಕಣಕ ಎಂದೂ ಇಲ್ಲದಷ್ಟು ಮೆತ್ತಗಾಗಿತ್ತು. ಬೇಳೆಗೆ ಬೆಲ್ಲ ಹಾಕಿ ಹೂರಣ ಅರೆಯಲು ಕುಳಿತೆ.