ಹನುಮಕ್ಕತ್ತೆ ಉಡಿಸಿದ ಕೊನೆಯ ಸೀರೆ

ಹೋಳಿ ದಿನ ಹನುಮಕ್ಕತ್ತೆಯ ಬಾಯಲ್ಲಿ ನಾಲ್ಕೈದು ಪಿನ್ನು ಇದ್ದೇ ಇರುತ್ತಿದ್ದವು. ಅವನ್ನು ತುಟಿಯಂಚಿನಲ್ಲಿ ಕಚ್ಚಿಕೊಂಡೇ ಗಂಡಸರನ್ನು ಬೈಯುತ್ತಿದ್ದಳು. "ಹೊಟ್ಟಿ ಒಳಗ ಎಳಕೊಳ್ಳೋ. ಬಸುರಿ ನಿಂತಂಗ ನಿಂತಿ ನೋಡು." ದಪ್ಪ ಮೀಸೆಯ ಆಸಾಮಿಗಳು ಅವಳ ಮುಂದೆ ಕೈ ಎತ್ತಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆಂಧ್ರದ ಆದವಾನಿಯಿಂದ ಆಟೋದಲ್ಲಿ ಬರುವಷ್ಟು ದೂರದ ಊರು ನಮ್ಮದು. ಇಲ್ಲಿ ಹರಕೆ ಹೊತ್ತ ಗಂಡಸರು ಹೋಳಿಗೆ ಸೀರೆ ಉಟ್ಟು, ಬಳೆ ತೊಟ್ಟು, ಹೂ ಮುಡಿದು ರತಿ ಮನ್ಮಥರ ಪೂಜೆಗೆ ಹೋಗುತ್ತಾರೆ. ಉಡಿಸುವುದರಲ್ಲಿ ನಮ್ಮಪ್ಪನ ಅಕ್ಕ ಹನುಮಕ್ಕತ್ತೆಯನ್ನು ಮೀರಿಸಿದವರಿಲ್ಲ. ಏನು ಹರಕೆ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಕೇಳುತ್ತಿದ್ದುದು ಒಂದೇ ಮಾತು: "ಯಾರ ಸೀರಿ ಇದು?" ನಮ್ಮಾಕಿದು, ನಮ್ಮವ್ವಂದು, ಅಕ್ಕಂದು ಅನ್ನಬೇಕು. ಅಂಗಡಿಯಿಂದ ಹೊಸದು ತಂದವನನ್ನು ವಾಪಸ್ ಕಳಿಸುತ್ತಿದ್ದಳು. "ಮನಿ ಹೆಣ್ಮಗಳು ಉಟ್ಟ ಸೀರಿ ಬೇಕಪ್ಪ. ನೀ ಬೇಡಕೊಳ್ಳೋದು ಆಕಿ ಸಲುವಾಗೂ ಅಲ್ಲೇನು?"

ಅವಳ ಗಂಡ, ನಮ್ಮ ಮಾವ, ಆದವಾನಿಯ ಹತ್ತಿ ಮಿಲ್ಲಿನಲ್ಲಿದ್ದ. ಮಕ್ಕಳಾಗಲಿ ಎಂದು ಹರಕೆ ಹೊತ್ತು, ಅವಳ ಮದುವೆಯ ಸೀರೆಯನ್ನೇ ಪ್ರತಿ ಹೋಳಿಗೂ ಉಟ್ಟ. ಎಮ್ಮಿಗನೂರಿನ ಮಗ್ಗದ್ದು, ಹಸಿರು ಒಡಲು, ಕೆಂಪು ಅಂಚು. ಮಕ್ಕಳಾಗಲಿಲ್ಲ. ತಲೆ ಬೆಳ್ಳಗಾದ ಮೇಲೂ ಉಡುವುದು ಬಿಡಲಿಲ್ಲ. "ಇನ್ನ್ಯಾಕ ಮಾವ?" ಎಂದು ನಾನು ಒಮ್ಮೆ ಕೇಳಿದಾಗ ಉತ್ತರ ಕೊಟ್ಟವಳು ಅತ್ತೆ. "ವರ್ಷಕ್ಕ ಒಂದು ಸಲನಾರ ನನ್ನ ಕೈಗೆ ಸಿಗ್ತಾನ ಬಿಡು." ಮಾವ ನಾಚಿಕೊಂಡು ನಕ್ಕ.

ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಆ ಸೀರೆ ಅದರೊಳಗಿತ್ತು. ಕೊನೆಯ ಹೋಳಿಯಲ್ಲಿ ಅವನಿಗಾಗಿ ಹಿಡಿದ ನಿರಿಗೆಗಳನ್ನು ಪಿನ್ನು ಸಮೇತ ಹಾಗೇ ಇಟ್ಟಿದ್ದಳು. ಯಾರೂ ಬಿಚ್ಚಬ್ಯಾಡ್ರಿ ಎಂದು ಮನೆಮಂದಿಗೆಲ್ಲ ಹೇಳಿದ್ದಳು. ನನಗೂ ಹೇಳಿದ್ದಳು.

ಆಮೇಲೆ ನಾನು, ನನ್ನ ಹೆಂಡತಿ ಶಾರದಾ, ನನ್ನ ತಮ್ಮ ಸೇರಿ ಹೋಳಿ ನೋಡಲು ಬರುವವರಿಗಾಗಿ ಫೋನಿನಲ್ಲೇ ಒಂದು ಪೇಜು ತೆರೆದೆವು. ಬಾಡಿಗೆ ಸೀರೆ, ಬಳೆ, ಚೌರಿ, ಊಟ, ಫೋಟೊ, ಎಲ್ಲ ಒಂದೇ ಬುಕಿಂಗಿನಲ್ಲಿ. ಹೈದರಾಬಾದ್, ಬೆಂಗಳೂರಿನ ಕಾರುಗಳು ಬಂದವು. "ಹರಕಿ ಇಲ್ಲದೋರಿಗೆ ನಾ ಉಡಸಂಗಿಲ್ಲ," ಎಂದು ಅತ್ತೆ ಮುಖ ತಿರುಗಿಸಿದಳು. "ಮನಿ ನಡೀಬೇಕಲ್ಲ ಅತ್ತಿ," ಅಂದೆ. ನಮ್ಮ ಅನ್ನ ಉಣ್ಣುತ್ತಿದ್ದ ಹೆಂಗಸಿಗೆ ಅದು ಎಂಥ ಮಾತು! ಅವಳು ಒಳಗೆ ಹೋಗಿ ಪಿನ್ನಿನ ಡಬ್ಬಿ ತಂದಳು. ಬಂದವರಿಗೆಲ್ಲ ಉಡಿಸಿದಳು. ಯಾರ ಸೀರೆ ಎಂದು ಮಾತ್ರ ಅವರನ್ನು ಕೇಳುತ್ತಿರಲಿಲ್ಲ.

ಮರುವರ್ಷ ಬಂದ ಹೈದರಾಬಾದಿನವನೊಬ್ಬ ಹಳೆಯ ಮಗ್ಗದ ಸೀರೆಯೇ ಬೇಕೆಂದು ಹಟ ಹಿಡಿದ. ಪೇಜಿನಲ್ಲಿ ಹಾಗಂತ ಬರೆದಿದ್ದೀರಿ, ಇಲ್ಲವೆಂದರೆ ಎಲ್ಲರಿಗೂ ಹೇಳುತ್ತೇನೆ ಅಂದ. ಅತ್ತೆ ಅಂಗಳದಲ್ಲಿ ಇನ್ನೊಬ್ಬನಿಗೆ ಉಡಿಸುತ್ತಿದ್ದಳು. ಟ್ರಂಕಿನ ಕೀಲಿ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ಆ ಪಿನ್ನು ಬಿಚ್ಚಿದವನು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಅವನ ಸರದಿ ಬಂತು. ಅತ್ತೆ ಸೆರಗು ಕೈಗೆತ್ತಿಕೊಂಡವಳು ಹಾಗೇ ನಿಂತಳು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಅವನನ್ನಲ್ಲ, ನನ್ನನ್ನು ನೋಡಿ ಕೇಳಿದಳು.

"ಯಾರ ಸೀರಿ ಇದು?"

ನನ್ನ ತಮ್ಮ ಮೊಬೈಲು ಹಿಡಿದು ವಿಡಿಯೊ ಮಾಡುತ್ತಿದ್ದ. ಬಂದವರೆಲ್ಲ ನೋಡುತ್ತಿದ್ದರು.

"ಬಾಡಿಗಿದು ಅತ್ತಿ. ಉಡಸು," ಅಂದೆ.

ಉಡಿಸಿದಳು. ಹಳೆಯ ಗೆರೆಗಳ ಮೇಲೆಯೇ ನಿರಿಗೆ ಹಿಡಿದಳು. "ಬಾಗುಂದಮ್ಮಾ," ಎಂದು ಅವನು ತೆಲುಗಿನಲ್ಲಿ ಮೆಚ್ಚಿ ಹಿಗ್ಗಿದ. ಮಧ್ಯಾಹ್ನ ಆ ಸೀರೆ ಬಣ್ಣದಲ್ಲಿ ತೊಯ್ದು, ಅಂಚು ಹರಿದು ಬಂತು. ಅತ್ತೆ ಮೂರು ಸಲ ಒಗೆದಳು. ಬಣ್ಣ ಹೋಗಲಿಲ್ಲ, ಗೆರೆಗಳು ಹೋದವು. ಮರುದಿನ ಪಿನ್ನಿನ ಡಬ್ಬಿಯನ್ನು ಶಾರದಾಳ ಕೈಗಿಟ್ಟು, ಗೋನೆಗಂಡ್ಲದ ತಂಗಿಯ ಮನೆಗೆ ಹೊರಟುಹೋದಳು.

ಕರೆತರಲು ಒಮ್ಮೆ ಹೋಗಿದ್ದೆ. ಮುಂದಿನ ಹೋಳಿ ಹತ್ತಿರ ಬಂದಿತ್ತು, ಅದಕ್ಕೇ ಹೋಗಿದ್ದೆ, ಸುಳ್ಳೇಕೆ ಹೇಳಲಿ. "ತಪ್ಪಾತು ಅತ್ತಿ," ಅಂದೆ.

"ಗೊತ್ತಿಲ್ಲದ ಮಾಡಿದ್ರ ತಪ್ಪು ಅಂತಿದ್ದೆ," ಅಂದಳು. "ನಿನಗ ಗೊತ್ತಿತ್ತು."

ಚಾ ಕೊಟ್ಟಳು. ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿದಳು. ಆ ಮಳೆಗಾಲದಲ್ಲಿ ಅಲ್ಲಿಯೇ ತೀರಿಕೊಂಡಳು.

ನನ್ನ ತಮ್ಮ ಅಂದು ಮಾಡಿದ ವಿಡಿಯೊ ಈಗಲೂ ನಮ್ಮ ಪೇಜಿನಲ್ಲಿ ಎಲ್ಲಕ್ಕಿಂತ ಮೇಲಿದೆ. ಮಾತು ತೆಗೆದು ಹಾಡು ಹಾಕಿದ್ದಾನೆ. ಅವಳ ಪ್ರಶ್ನೆ, ನನ್ನ ಉತ್ತರ ಎರಡೂ ಕೇಳಿಸುವುದಿಲ್ಲ. ಜನ ಬುಕ್ ಮಾಡುವುದೇ ಅದನ್ನು ನೋಡಿ. ತೆಗೆದುಹಾಕಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಮೊನ್ನೆ ಅನಂತಪುರದಿಂದ ಒಬ್ಬರು ಬರೆದು ಕೇಳಿದ್ದರು, ಸೀರೆಯನ್ನು ಆ ಅಜ್ಜಿಯೇ ಉಡಿಸುತ್ತಾರಾ ಎಂದು.

"ಹೌದು, ಬನ್ನಿ," ಎಂದು ಬರೆದು ಕಳಿಸಿದೆ.