ಹಂಪಮ್ಮ ಮಾಡಿದ ಅಧ್ಯಕ್ಷರ ಭಾಷಣ

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹಂಪಮ್ಮ ಟಿವಿಯಲ್ಲಿ ಬಂದಾಗ ಇಡೀ ಊರು ನೋಡಿತು. ಗುಡೇಕೋಟೆಯಿಂದ ಆಚೆ, ಕಲ್ಲುಗುಡ್ಡಗಳ ನಡುವಿನ ಸಣ್ಣ ಊರು. ನಾನಲ್ಲಿ ಒಂಬತ್ತು ವರ್ಷದಿಂದ ಮೇಷ್ಟ್ರು. ಅನ್ನ ಬೇಯುವ ಹೊತ್ತಿಗೆ ಹಂಪಮ್ಮ ಯಾರನ್ನಾದರೂ ಅಣಕಿಸಿ ತೋರಿಸುತ್ತಿದ್ದರು: ಬಸ್ ಕಂಡಕ್ಟರ್, ಕರೆಂಟ್ ಬಿಲ್ಲಿನವನು, ಒಮ್ಮೊಮ್ಮೆ ನಾನು. ನನ್ನ ಹಾಗೆ ಕನ್ನಡಕ ಏರಿಸಿ "ಸೈಲೆನ್ಸ್" ಅಂದರೆ ಮಕ್ಕಳು ನಿಜಕ್ಕೂ ಸುಮ್ಮನಾಗುತ್ತಿದ್ದವು.

ಅವರು ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದದ್ದು ಪಂಚಾಯ್ತಿ ಅಧ್ಯಕ್ಷ ಚೌಡಣ್ಣನವರನ್ನು. ಊರಿನ ಫಿಲ್ಟರ್ ನೀರಿನ ಘಟಕಕ್ಕೆ ಎರಡು ಸಲ ಉದ್ಘಾಟನೆ ಆಗಿತ್ತು. ನೀರು ಬಂದದ್ದು ಹನ್ನೊಂದು ದಿನ. ಆಮೇಲೆ ಮೋಟರ್ ಸುಟ್ಟು ಬೀಗ ಬಿತ್ತು. ಯಾರಾದರೂ ಕೇಳಿದರೆ ಚೌಡಣ್ಣ ಹೆಗಲಿನ ಟವೆಲ್ ಕೊಡವಿ, "ಆಗತೈತಿ, ಆಗಂಗ ಮಾಡ್ತೀವಿ, ಆದಂಗ ತಿಳ್ಕಳ್ರಿ" ಅನ್ನುತ್ತಿದ್ದರು.

ಹಂಪಮ್ಮನ ಮಗಳು ಪ್ರಿಯಾ ಕೂಡ್ಲಿಗಿಯಲ್ಲಿ ನರ್ಸ್. ತಾಯಿ ಸೌಟನ್ನೇ ಮೈಕು ಮಾಡಿಕೊಂಡು ಈ ಭಾಷಣ ಹೊಡೆಯುವುದನ್ನು ಫೋನಿನಲ್ಲಿ ಹಿಡಿದು ಒಂದು ಕಾಮಿಡಿ ಶೋಗೆ ಕಳಿಸಿದಳು. ಅಲ್ಲಿಂದ ಕರೆ ಬಂತು.

"ನಾ ಅಲ್ಲಿಗೆ ಹೋಗಿ ಏನ್ ಮಾಡ್ಲೇ? ನನಗ ಬರೋದು ಇದೊಂದ" ಎಂದರು ಹಂಪಮ್ಮ.

"ಇದೊಂದನ್ನೇ ಮಾಡವ್ವ, ಸಾಕು."

ಆರು ನಿಮಿಷದ ಕಾರ್ಯಕ್ರಮ. ಊರಲ್ಲಿ ದೊಡ್ಡ ಟಿವಿ ಇದ್ದದ್ದು ಚೌಡಣ್ಣನವರ ಮನೆಯಲ್ಲೇ, ಹಾಗಾಗಿ ಎಲ್ಲರೂ ಅಲ್ಲೇ ಸೇರಿದೆವು. ಹಂಪಮ್ಮ ಟವೆಲ್ ಕೊಡವಿದಾಗ ನಗು ಬಂದರೂ ಬಾಯಿ ಬಿಗಿಹಿಡಿದು ಚೌಡಣ್ಣನವರ ಮುಖ ನೋಡಿದೆವು. ಅವರು ಮೊದಲು ಕೆಂಪಾದರು. ಆಮೇಲೆ ತೊಡೆ ತಟ್ಟಿದರು. "ಲೇ, ಥೇಟ್ ನನ್ನಂಗ ಕೊಡವ್ತಾಳಲ್ಲೋ!"

"ಆದಂಗ ತಿಳ್ಕಳ್ರಿ" ಅನ್ನುವ ಮಾತು ಹಬ್ಬಿತು. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ ಯಾವಾಗ ಅಂದರೆ "ಬಂದಂಗ ತಿಳ್ಕಳ್ರಿ" ಅನ್ನುವವರಾದರು. ಹರಪನಹಳ್ಳಿ ಕಡೆಯವರು ಅದನ್ನೇ ದಾವಣಗೆರೆ ಧಾಟಿಗೆ ತಿರುಗಿಸಿಕೊಂಡರು. ಚುನಾವಣೆ ಬಂದಾಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷಕ್ಕೆ "ಆದಂಗ ತಿಳ್ಕಳ್ರಿ ಪಾರ್ಟಿ" ಅಂದರು. ಅವರು ತಿರುಗಿ ಇವರಿಗೇ ಅಂದರು. ಎರಡೂ ಕಡೆಯವರು ಹಂಪಮ್ಮನನ್ನು ವೇದಿಕೆಗೆ ಕರೆದರು. "ಮಕ್ಕಳ ಊಟ ಐತಿ ನನಗ" ಎಂದು ಅವರು ಇಬ್ಬರನ್ನೂ ಸಾಗಹಾಕಿದರು.

ತೊಡಕು ಶುರುವಾದದ್ದು ಊರಿನ ಗ್ರಾಮಸಭೆಯಲ್ಲಿ. ಓಬಳೇಶ್ ಎಂಬ ರೈತ ಎದ್ದು ಫಿಲ್ಟರ್ ನೀರಿನ ವಿಷಯ ಎತ್ತಿದ. ಚೌಡಣ್ಣ ನಗುತ್ತಾ ಟವೆಲ್ ಕೊಡವಿ ತಮ್ಮ ಮಾತನ್ನೇ ಟಿವಿಯಲ್ಲಿ ಬಂದ ಹಾಗೆ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ಓಬಳೇಶನೂ ನಕ್ಕು ಕೂತ. ಸಭೆ ಮುಗಿಯಿತು.

ಮರುದಿನ ಬೇಳೆ ತೊಳೆಯುವಾಗ ಹಂಪಮ್ಮ ಯಾರನ್ನೂ ಅಣಕಿಸಲಿಲ್ಲ. ಯಾಕೆಂದು ಕೇಳಿದೆ.

"ಸರ್, ಮೊದ್ಲು ಯಾರಾರ ಕೇಳಿದ್ರ ಆತಗ ನಾಚ್ಕಿ ಆಗ್ತಿತ್ತು. ಈಗ ನಗಸ್ತಾನ, ಹೋಗ್ತಾನ. ಆ ದಾರಿ ನಾನ ತೋರ್ಸಿದಂಗಾತು."

ಮಧ್ಯಾಹ್ನ ಅವರೇ ಒಂದು ಹಾಳೆ ಕೇಳಿ ತೆಗೆದುಕೊಂಡರು. ಘಟಕ ಕಟ್ಟಿದ ವರ್ಷ, ಎರಡು ಉದ್ಘಾಟನೆಗಳ ದಿನ, ಊರವರು ಕೊಟ್ಟ ಏಳು ಅರ್ಜಿಗಳ ತಾರೀಕು, ಎಲ್ಲ ನನ್ನ ಕೈಲಿ ಬರೆಸಿಕೊಂಡರು. ನಾನು ನಗು ತರಿಸುವ ಒಂದು ಸಾಲು ಸೇರಿಸಿದ್ದೆ. ಅದನ್ನು ಹೊಡೆದುಹಾಕಿಸಿದರು. ಓದುವ ಅಭ್ಯಾಸ ಮಾಡುವಾಗ ಅವರಿಗೇ ಆ ಹಳೆಯ ಅಣಕದ ಧಾಟಿ ಬಂದುಬಿಡುತ್ತಿತ್ತು. ನಿಲ್ಲಿಸಿ, ನೀರು ಕುಡಿದು, ಮತ್ತೆ ಮೊದಲಿಂದ ಓದುತ್ತಿದ್ದರು.

ಮುಂದಿನ ಸಭೆಯಲ್ಲಿ ಹಂಪಮ್ಮ ಎದ್ದ ಕೂಡಲೇ ಶಿಳ್ಳೆ ಬಿದ್ದವು. "ಹೇಳವ್ವ ಹಂಪಮ್ಮ, ನನ್ನ ಭಾಷಣ ಹೇಳು!" ಎಂದರು ಚೌಡಣ್ಣ.

"ಇವತ್ತು ನಗಸಾಕ ಬಂದಿಲ್ರಿ ಅಣ್ಣಾರ."

ಹಾಳೆ ಬಿಡಿಸಿ ಓದಿದ ಮೊದಲ ತಾರೀಕಿಗೆ ಜನ ರೂಢಿಯ ಮೇಲೆ ನಕ್ಕರು. ಎರಡನೆಯದಕ್ಕೆ ಕೆಲವರು. ನಾಲ್ಕನೆಯ ಅರ್ಜಿಗೆ ಬರುವಷ್ಟರಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ಕೊನೆಗೆ ಹಾಳೆ ಮಡಿಸಿ ಕೇಳಿದರು: "ಯಾವ ತಾರೀಕಿಗೆ ನೀರು ಕೊಡ್ತೀರಿ?"

"ಆಗತೈತಿ, ಆಗಂಗ..." ಚೌಡಣ್ಣನವರ ಬಾಯಲ್ಲಿ ತಾನಾಗಿ ಬಂತು. ಯಾರೂ ನಗಲಿಲ್ಲ. ಅವರು ಟವೆಲನ್ನು ತೊಡೆಯ ಮೇಲಿಟ್ಟು, ಪಕ್ಕದಲ್ಲಿದ್ದ ಪಿಡಿಒ ಕಡೆ ತಿರುಗಿದರು. "ಶ್ರಾವಣದ ಮೊದ್ಲ ಸೋಮವಾರ ಅಂತ ಬರ್ಕಳ್ರಿ."

"ಸಹಿನೂ ಹಾಕ್ರಿ" ಎಂದ ಓಬಳೇಶ್.

ಎಂಟು ದಿನ ತಡವಾಗಿ ನೀರು ಬಂತು. ಈ ಸಲ ಉದ್ಘಾಟನೆ ಬೇಡವೆಂದು ಚೌಡಣ್ಣನವರೇ ಹೇಳಿದರು. ತಾವೇ ಒಂದು ಕ್ಯಾನು ಹೊತ್ತು ತಂದು ಶಾಲೆಯ ಅಡುಗೆಮನೆಯಲ್ಲಿಟ್ಟು, "ಇದನ್ನೂ ಟಿವ್ಯಾಗ ಮಾಡ್ತೀಯೇನು?" ಎಂದು ಕೇಳಿದರು.

"ಕೆಲಸ ಮಾಡಿದವ್ರನ್ನ ನೋಡಾಕ ಯಾರ್ ಬರ್ತಾರಣ್ಣ?" ಅಂದರು ಹಂಪಮ್ಮ. ಇಬ್ಬರೂ ನಕ್ಕರು.

ಟಿವಿಯವರು ಮತ್ತೆ ಕರೆದರು. ಹಂಪಮ್ಮ ಹೋದರು, ಮೊದಲ ಸುತ್ತಿನಲ್ಲೇ ಹೊರಗೆ ಬಂದರು. ಪಂಚ್ ಇಲ್ಲ ಅಂದರಂತೆ. ಹೇಳಿಕೊಂಡು ನಗುತ್ತಲೇ ಸೋಮವಾರ ಹತ್ತು ಗಂಟೆಗೆ ಅಕ್ಕಿ ಆರಿಸಲು ಕೂತಿದ್ದರು. ಆವತ್ತು ಪಕ್ಕದ ಊರಿನ ಮೂವರು ಹೆಂಗಸರು ರಸ್ತೆಯ ಬಗ್ಗೆ ಬರೆಸಿದ ಅರ್ಜಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

"ಒಂದ್ಸಲ ಓದವ್ವ," ಎಂದಳು ಒಬ್ಬಳು. "ಎಲ್ಲಾದ್ರೂ ನಗು ಬಂದ್ರ ಹೇಳು, ಆ ಸಾಲು ತಗೀತೀವಿ."