ಅತ್ತೆಯ ಮಾತು ಮುಟ್ಟಿಸುವ ಕೆಲಸ

ಇವತ್ತು ಮುಂಜಾನೆ ನನ್ನ ಹೆಂಡತಿ ಹತ್ತಿ ಸೀರೆಗೆ ಹಾಕಲೆಂದು ಗಂಜಿ ಕಾಯಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬನಹಟ್ಟಿಗೆ ಹೋಗಿಬಿಟ್ಟೆ. ನೇಕಾರರ ಓಣಿಯಲ್ಲಿ ಬೆಳಗಾದರೆ ಇದೇ ವಾಸನೆ. ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೆ ಗಂಜಿ ಹಚ್ಚಿ ಓಣಿಯುದ್ದಕ್ಕೂ ಎಳೆದು ಕಟ್ಟಿರುತ್ತಿದ್ದರು. ಸೈಕಲ್ಲಿನವನು ಇಳಿದು, ತಾನೂ ಬಗ್ಗಿ, ಸೈಕಲ್ಲನ್ನೂ ಬಗ್ಗಿಸಿಕೊಂಡು ದಾಟಬೇಕಿತ್ತು. ನನ್ನ ಸೋದರತ್ತೆಯ ಮನೆ ಆ ಓಣಿಯಲ್ಲಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಕೇಳಿದರೆ ನೀವು ಪುಟ ತಿರುವಿಬಿಟ್ಟೀರಿ, ಆದರೂ ಹೇಳುತ್ತೇನೆ: ಕ್ಯಾನ್ಸರ್ ಗಂಟು ಹರಡಲು ಬೇಕಾದ ಒಂದು ಕಿಣ್ವದ ಜೀನನ್ನು ಜೀವಕೋಶದ ಸಂಕೇತಗಳು ಹೇಗೆ ಎಬ್ಬಿಸುತ್ತವೆ, ಹೇಗೆ ಮಲಗಿಸುತ್ತವೆ ಎಂಬುದು. ನಮ್ಮೂರು ಲೋಕಾಪುರದಲ್ಲಿ ಇದನ್ನು ವಿವರಿಸಿದಾಗ, ಹೆಣ್ಣು ಕೊಡಲು ಬಂದವರು ಚಹಾ ಕುಡಿದು ಸುಮ್ಮನೆ ಎದ್ದು ಹೋಗಿದ್ದರು. ಬರೆಯಲು ಶಾಂತವಾದ ಜಾಗ ಬೇಕೆಂದು ನಾನು ಹುಡುಕಿಕೊಂಡದ್ದು, ದಿನವಿಡೀ ಮಗ್ಗಗಳು ಖಟಖಟ ಅನ್ನುವ ಬನಹಟ್ಟಿಯನ್ನು. ನನ್ನ ಬುದ್ಧಿಯ ಅಳತೆ ನಿಮಗೆ ಇಷ್ಟರಲ್ಲೇ ಸಿಕ್ಕಿರಬೇಕು. ಖರೆ ಹೇಳಬೇಕೆಂದರೆ ನನ್ನನ್ನು ಅಲ್ಲಿಗೆ ಎಳೆದದ್ದು ಅತ್ತೆಯ ಕೈಯ ಬಿಸಿ ರೊಟ್ಟಿ ಮತ್ತು ಕಡಲೆಹಿಟ್ಟಿನ ಜುಣಕ.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಅತ್ತೆ ಮದುವೆಯಾಗಿ ಬಂದಾಗ ಅವಳ ಅತ್ತೆ ಬಲು ಬಿಗಿ. ಹಿರಿಯರೆದುರು ಗಂಡನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಮುದುಕಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ರೂಢಿ ಮಾತ್ರ ಹೋಗಿರಲಿಲ್ಲ. ಮಾವ ನಾಲ್ಕು ಮಾರು ದೂರದ ಮಗ್ಗದಲ್ಲಿ ಕೂತಿದ್ದರೂ ಮಾತು ಮೂರನೆಯವರ ಮೂಲಕವೇ ಹೋಗಬೇಕು. ಮಗಳು ಇರುವ ತನಕ ಆ ಕೆಲಸ ಅವಳದಾಗಿತ್ತು. ಅವಳು ಲಗ್ನವಾಗಿ ಮುಧೋಳಕ್ಕೆ ಹೋದ ಮೇಲೆ ಹುದ್ದೆ ಖಾಲಿ ಬಿದ್ದಿತ್ತು. ಅತ್ತೆ ಬೆಕ್ಕಿಗೆ ಹೇಳುತ್ತಿದ್ದಳಂತೆ. ನಾನು ಬಸ್ಸಿಳಿದ ದಿನವೇ ನನ್ನ ನೇಮಕವಾಯಿತು.

“ತಮ್ಮಾ, ರೊಟ್ಟಿ ಆರಾಕತ್ತಾವಂತ ಹೇಳು.”

“ಮಾವಾರ, ರೊಟ್ಟಿ ಆರಾಕತ್ತಾವಂತ್ರಿ.”

“ಇದೊಂದು ಎಳಿ ಕೂಡಿಸಿ ಬರ್ತೀನಂತ ಹೇಳು.”

ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೂ ನಾನು ಬಾಯಿ ಬಿಡುವ ತನಕ ಯಾರೂ ಅಲುಗಾಡುತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ರಾಟಿಯ ಮುಂದೆ ಕೂತು ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವಾಗ, ನಾನು ಬರೆದದ್ದನ್ನು ಓದಿ ಹೇಳುತ್ತಿದ್ದೆ. ತಿಳಿಯದಿದ್ದರೆ ಅವಳು ರಾಟಿ ನಿಲ್ಲಿಸುತ್ತಿದ್ದಳು. ಮೊದಲ ವಾರ ಮಾವನಿಗೆ ಕಂಡಿಕೆಗಳೇ ಸಾಲದೆ ಹೋದವು. ಕೊನೆಗೆ ನಾನು ಪುಸ್ತಕದ ಭಾಷೆ ಬಿಟ್ಟೆ. ಹೊರಗಿನ ಸಂಕೇತ ಕೋಶದ ಒಳಗೆ ಕಾಲಿಡುವುದಿಲ್ಲ, ಹೊಸ್ತಿಲಲ್ಲಿ ಕಾದಿರುವವನಿಗೆ ಸುದ್ದಿ ಮುಟ್ಟಿಸಿ ನಿಲ್ಲುತ್ತದೆ. ಅವನು ಒಳಗಿನ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಹೀಗೆ ಸುದ್ದಿ ನಡುಮನೆ ಸೇರಿದರೆ ಅಲ್ಲಿ ಮಲಗಿದ್ದ ಜೀನು ಎದ್ದು ಕಿಣ್ವ ಮಾಡಿಸುತ್ತದೆ ಎಂದೆ.

“ಅಂದ್ರ ನಮ್ಮನ್ಯಾಗಿನಂಗ ಅನ್ನು,” ಅಂದಳು ಅತ್ತೆ. “ಅಲ್ಲೂ ನಿನ್ನಂಥಾವ ಒಬ್ಬ ಇರ್ತಾನ.”

ನನ್ನ ಮೂರು ವರ್ಷದ ಸಂಶೋಧನೆ ಒಂದೇ ಮಾತಿನಲ್ಲಿ ಮುಗಿದುಹೋಯಿತು. ಆದರೂ ಹುರುಪಿನಿಂದ ಮುಂದುವರಿಸಿದೆ. ಆ ಕಿಣ್ವ ಕೆಟ್ಟದ್ದೇನಲ್ಲ. ಗಾಯ ಮಾಯುವಾಗ ಹಳೆಯದನ್ನು ಕತ್ತರಿಸಿ ಹೊಸದಕ್ಕೆ ದಾರಿ ಮಾಡಿಕೊಡುವುದು ಅದೇ. ಕೆಲಸ ಮುಗಿದ ಮೇಲೆ ‘ಸಾಕು’ ಎಂಬ ಸುದ್ದಿ ಬರುತ್ತದೆ, ಜೀನು ಮತ್ತೆ ಮಲಗುತ್ತದೆ. ಕೆಟ್ಟ ಗಂಟಿನಲ್ಲಿ ಆ ‘ಸಾಕು’ ಬರುವುದೇ ಇಲ್ಲ. ಕಿಣ್ವ ಸುತ್ತಲಿನ ಪೊರೆಯನ್ನೇ ಕತ್ತರಿಸುತ್ತದೆ, ಗಂಟು ಹೊರಗೆ ನುಸುಳುತ್ತದೆ.

ರಾಟಿ ನಿಂತಿತು. “ಆ ಗಂಟು ನೋಯ್ತೈತೇನು?”

“ಮೊದಲ ನೋಯೂದಿಲ್ಲ, ಅತ್ತಿ. ಅದ ನೋಡು ಅದರ ಮೋಸ.”

ಅವಳು ನೂಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, “ಇದನ್ನ ನಿಮ್ಮ ಮಾವನ ಮುಂದ ಹೇಳು,” ಅಂದಳು.

ನಿಮಗೆ ಆಗಲೇ ತಿಳಿದಿರಬೇಕು. ನನಗೆ ತಿಳಿಯಲಿಲ್ಲ. ಇಷ್ಟು ಚೆಂದದ ಪಾಠ ಮಾವನಿಗೂ ಸಿಗಲಿ ಎಂಬುದು ಅವಳ ಆಸೆ ಎಂದುಕೊಂಡು, ಮಗ್ಗದ ಪಕ್ಕ ಕೂತು ಅರ್ಧ ತಾಸು ಕಿಣ್ವದ ಕತೆ ಹೇಳಿದೆ. “ಛಲೋ ಓದೀಯಪಾ,” ಅಂದರು ಮಾವ. ಮರುದಿನ ಅತ್ತೆ, “ಹೇಳಿದೇನು?” ಅಂದಳು. “ಹೇಳೀನಿ, ಭಾಳ ಖುಷಿ ಆದ್ರು,” ಅಂದೆ. “ಇನ್ನೊಮ್ಮೆ ಹೇಳು,” ಅಂದಳು. ಮೂರನೆಯ ದಿನ ನಾನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಕೋಶದ ಚಿತ್ರ ಬರೆದು ತೋರಿಸಿದೆ. ಮಾವ ಪಾಪ, ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಓಡಾಡಿದರು.

ನಾಲ್ಕನೆಯ ದಿನ ಅತ್ತೆ ಸುತ್ತುತ್ತಿದ್ದ ಕಂಡಿಕೆಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಸೀದಾ ಮಗ್ಗದ ಮುಂದೆ ಹೋಗಿ ನಿಂತಳು.

“ಏನ್ರೀ, ನನ್ನ ಎದಿಯಾಗ ಗಂಟಾಗೇತಿ. ದವಾಖಾನಿಗಿ ಹೋಗೂಣ್ರಿ.”

ಮಗ್ಗ ನಿಂತಿತು. ಮಾವ ರೂಢಿಯಂತೆ ನನ್ನ ಕಡೆ ತಿರುಗಿದರು. “ಏನಂತಾಳ?”

“ಅವನ್ನೇನ ಕೇಳ್ತೀರಿ? ನಾ ಇಲ್ಲೇ ನಿಂತೇನಿ.”

ಮಾವ ಎದ್ದರು. ಅವಳ ಕಡೆಗೇ ತಿರುಗಿದರು. “ಯಾವಾಗಿಂದ ಐತಿ?”

“ಯುಗಾದಿಯಿಂದ.”

ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ. ಜಗತ್ತಿನ ಗಂಟುಗಳ ಬಗ್ಗೆಯೆಲ್ಲ ಬಲ್ಲವನು ಎದುರಿಗೆ ಕೂತವಳ ಮುಖ ನೋಡಿರಲಿಲ್ಲ. ನಡುವೆ ನಿಂತು ಸುದ್ದಿ ಮುಟ್ಟಿಸುವವನು ಕೆಟ್ಟರೆ ಏನಾಗುತ್ತದೆ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದೆ. ಹಾಗೆ ಕೆಟ್ಟವನು ನಾನೇ ಆಗಿದ್ದೆ. ಆಗ ಆದ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮರುದಿನ ಮೊದಲ ಬಸ್ಸಿಗೆ ಮೂವರೂ ಮಿರಜಿನ ದೊಡ್ಡ ದವಾಖಾನೆಗೆ ಹೋದೆವು. ತಪಾಸಣೆಯಾಯಿತು, ಗಂಟು ತೆಗೆದರು. ಅದು ಇನ್ನೂ ಪೊರೆ ದಾಟಿಲ್ಲ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ನಾನು ಪುಟಗಟ್ಟಲೆ ಬರೆದಿದ್ದ ಅದೇ ಪೊರೆ. ದವಾಖಾನೆಯ ಮೆಟ್ಟಿಲ ಮೇಲೆ ಕೂತಾಗ ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದಳು. ನನ್ನ ಹುದ್ದೆ ಮಾತ್ರ ಹೋಯಿತು. ಮೂವತ್ತು ವರ್ಷ ಸುತ್ತುಬಳಸಿ ಬರುತ್ತಿದ್ದ ಮಾತು ಈಗ ಮುಂಜಾನೆಯಿಂದ ಸಂಜೆಯ ತನಕ ಮಾವನ ಮೇಲೆ ನೇರವಾಗಿ ಬೀಳತೊಡಗಿತು. ಒಮ್ಮೆ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಮೊದಲಿನ ಪದ್ಧತಿನ ಛಲೋ ಇತ್ತು ನೋಡಪಾ. ಅರ್ಧ ಬೈಗಳಾ ನಿನ್ನ ಕಡೆನ ಉಳೀತಿದ್ದೂ,” ಅಂದರು. ಅನ್ನುವಾಗ ಅವರ ಮುಖ ಅರಳಿತ್ತು.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ, “ಯಾಕೋ ಎಡಗೈ ಜೋಮು ಹಿಡಿದಂಗ ಆಗಾಕತ್ತೈತಿ,” ಅಂದಳು. ಯಾರಿಗೆ ಅಂತ ಹೇಳಲಿಲ್ಲ. ಮೊದಲಿನ ನಾನಾಗಿದ್ದರೆ ಹೂಂ ಅಂದು ಬರೆಯುತ್ತ ಕೂರುತ್ತಿದ್ದೆ.

ಪೆನ್ನು ಮುಚ್ಚಿಟ್ಟು ಒಳಗೆ ಹೋಗಿ, ಅವಳ ಎದುರಿಗೆ ಕೂತು ಕೇಳಿದೆ: “ಯಾವಾಗಿಂದ?”